ಹೇಳಿದ ಮಾತು ಕೇಳುವ ಮುಧೋಳ ನಾಯಿ

ಮುಧೋಳ ತಳಿಯ ನಾಯಿ ಹೇಳಿದ ಮಾತು ಕೇಳುವುದಿಲ್ಲ ಎಂಬ ಅಭಿಪ್ರಾಯ ಅದರ ತವರಾದ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಗಟ್ಟಿಯಾಗಿ ಬೇರೂರಿದೆ. ಓಟದಲ್ಲಿ ಅದನ್ನು ಮೀರಿಸುವ ನಾಯಿಯಿಲ್ಲ, ರಾತ್ರಿ ಹೊಲ ಕಾಯುವುದಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಆದರೆ "ಕುಂಡ್ರು" ಅಂದಾಗ ಕೂಡ್ರುವುದು, "ಬಾ" ಅಂದಾಗ ಬರುವುದು ಇವೆಲ್ಲ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ನಾಯಿಗಳ ಕೆಲಸ ಎಂದು ಹೊಲದವರಿಂದ ಹಿಡಿದು ಔಷಧಿ ಅಂಗಡಿಯವರವರೆಗೆ ಎಲ್ಲರೂ ನನಗೆ ಹೇಳಿದ್ದಾರೆ. ನವನಗರದ ನಮ್ಮ ಮನೆಯಲ್ಲಿ ಹುಲಿಯಾ ಎಂಬ ಗಂಡು ಮುಧೋಳ ನಾಯಿ ಮರಿಯಿಂದ ಬೆಳೆದು ಈಗ ಪೂರ್ಣ ಪ್ರಾಯಕ್ಕೆ ಬಂದಿದೆ. ಅದು ಕರೆದರೆ ಬರುತ್ತದೆ, ಗೇಟಿನ ಬಳಿ ತಡಿ ಎಂದರೆ ತಡೆಯುತ್ತದೆ, ಬಾಯಲ್ಲಿ ಹಿಡಿದದ್ದನ್ನು ಬಿಡು ಎಂದರೆ ಬಿಡುತ್ತದೆ. ಈ ತಳಿಗೆ ಕಲಿಸುವ ದಾರಿ ಬೇರೆಯಾಗಿದೆ ಎಂಬುದು ನನ್ನ ದೃಢವಾದ ನಂಬಿಕೆ, ಆ ದಾರಿ ಯಾವುದೆಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮಾತು ಕೇಳುವುದಿಲ್ಲ ಎನ್ನುವವರು ಕಣ್ಣಾರೆ ಕಂಡದ್ದು ಸುಳ್ಳಲ್ಲ, ಅದಕ್ಕೆ ಅವರು ಕೊಡುವ ಕಾರಣ ಮಾತ್ರ ಸರಿಯಲ್ಲ. ಬೇಟೆ ನಾಯಿಗಳಲ್ಲಿ ವಾಸನೆ ಹಿಡಿದು ಹೋಗುವ ತಳಿಗಳು ಬೇರೆ, ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ತಳಿಗಳು ಬೇರೆ. ಮುಧೋಳ ನಾಯಿ ಗ್ರೇಹೌಂಡ್, ಸಲೂಕಿಗಳ ಹಾಗೆ ಈ ಎರಡನೆಯ ಬಳಗಕ್ಕೆ ಸೇರಿದ್ದು. ಕುರಿ ತಿರುಗಿಸುವ ನಾಯಿ ದಿನವಿಡೀ ಕುರಿಗಾರನ ಮುಖ ನೋಡುತ್ತ, ಅವನ ಸಿಳ್ಳೆಗೂ ಕೈಸನ್ನೆಗೂ ಕಾಯುತ್ತ ಕೆಲಸ ಮಾಡುತ್ತದೆ. ಮೊಲದ ಹಿಂದೆ ಬಿಟ್ಟ ನಾಯಿಗೆ ಅಂಥ ಪುರಸೊತ್ತು ಇರುವುದಿಲ್ಲ, ಒಡೆಯ ಎಲ್ಲೋ ಹಿಂದೆ ಉಳಿದಿರುತ್ತಾನೆ, ಮೊಲ ಎಡಕ್ಕೆ ಹೊರಳಿತೋ ಬಲಕ್ಕೆ ಹೊರಳಿತೋ ಎಂಬುದನ್ನು ಕಂಡು ಆ ಗಳಿಗೆಯಲ್ಲೇ ತಾನೇ ತೀರ್ಮಾನಿಸಬೇಕಾಗುತ್ತದೆ. ಹಿಂದಿರುಗಿ ನೋಡಿದ ನಾಯಿಗೆ ಮೊಲ ಸಿಗುತ್ತಿರಲಿಲ್ಲ, ಹಿಂದಿರುಗಿ ನೋಡದ ನಾಯಿಯ ಮರಿಗಳನ್ನೇ ಜನ ಆರಿಸಿ ಸಾಕಿದರು. ತಲೆಮಾರುಗಳಿಂದ ಹೀಗೆ ಆರಿಸಿ ಬೆಳೆಸಿದ ಗುಣವನ್ನು ಇಂದು ನಾವು ಹಠಮಾರಿತನ ಎಂದು ಕರೆಯುವುದು ಆ ನಾಯಿಗೆ ಮಾಡುವ ಅನ್ಯಾಯ.

ಈ ತಳಿಗೆ ಮುಧೋಳದ ಹೆಸರು ನಿಂತದ್ದು ಅಲ್ಲಿನ ಘೋರ್ಪಡೆ ಅರಸರ ಪೋಷಣೆಯಿಂದ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ಹೊರತಂದಾಗ ಮುಧೋಳ ನಾಯಿಗೂ ಅದರಲ್ಲಿ ಜಾಗ ಸಿಕ್ಕಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಅಲ್ಲಿಂದ ಸೇನೆಯವರು 2016ರಲ್ಲಿ ಮರಿಗಳನ್ನು ಮೀರತ್‌ನ ತಮ್ಮ ತರಬೇತಿ ಕೇಂದ್ರಕ್ಕೆ ಒಯ್ದರು. ಈ ತಳಿಗೆ ಕಲಿಸಲು ಬರುವುದೇ ಇಲ್ಲ ಎಂಬ ಮಾತು ನಿಜವಾಗಿದ್ದರೆ ಸೈನಿಕರು ಅಷ್ಟು ದೂರದಿಂದ ಬಂದು ಮರಿ ಒಯ್ಯುವ ಗೋಜಿಗೆ ಹೋಗುತ್ತಿರಲಿಲ್ಲ.

ಕಲಿಸಲೇಬೇಕಾದ ಅಗತ್ಯ ಮಾತ್ರ ಇಂದು ಹಿಂದಿಗಿಂತ ಹೆಚ್ಚಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲ, ಚಿಗರಿಗಳ ಬೇಟೆ ಅಪರಾಧವಾಯಿತು, ಅದು ಆಗಬೇಕಾದ್ದೇ ಆಗಿತ್ತು. ಆದರೆ ಬೇಟೆ ನಿಂತರೂ ಬೆನ್ನಟ್ಟುವ ಚಪಲ ನಾಯಿಯ ರಕ್ತದಿಂದ ಹೋಗಿಲ್ಲ, ಇಂದು ಅದರ ಕಣ್ಣಿಗೆ ಬೀಳುವುದು ನೆರೆಮನೆಯ ಬೆಕ್ಕು, ಆಡಿನ ಮರಿ, ಕೆಲವೊಮ್ಮೆ ಚೆಂಡಿನ ಹಿಂದೆ ಓಡುವ ಮಗು. ನಿಂತರೆ ಭುಜದೆತ್ತರವೇ ಎರಡು ಅಡಿಗಿಂತ ಹೆಚ್ಚು, ತೂಕ ಸುಮಾರು 25 ಕಿಲೋ, ಇಂಥ ನಾಯಿ ಪ್ರೀತಿಯಿಂದ ಎದೆಗೆ ಎಗರಿದರೂ ವಯಸ್ಸಾದವರು ಕೆಳಗೆ ಬೀಳುತ್ತಾರೆ. ಸಣ್ಣ ನಾಯಿ ಎಗರಿದರೆ ಎತ್ತಿಕೊಂಡು ಒಳಗೆ ಒಯ್ಯಬಹುದು, ದೊಡ್ಡ ನಾಯಿಯ ವಿಷಯದಲ್ಲಿ ನಮ್ಮ ತೋಳಿನ ಬಲವನ್ನು ನಂಬುವಂತಿಲ್ಲ, ಅದರ ಮನಸ್ಸಿನಲ್ಲಿ ಕಟ್ಟಿದ ಅಭ್ಯಾಸವನ್ನೇ ನಂಬಬೇಕು.

ನಾಯಿಗೆ ಕಲಿಸುವ ಮೊದಲು ಮನೆಯವರು ಕಲಿಯಬೇಕಾದದ್ದೊಂದಿದೆ. ನಮ್ಮ ಮನೆಯಲ್ಲಿ ಹುಲಿಯಾನನ್ನು ಕೂಡ್ರಿಸಲು ಯಜಮಾನರು "ಸಿಟ್" ಎನ್ನುತ್ತಿದ್ದರು, ಅತ್ತೆಯವರು "ಕುಂಡ್ರಪಾ" ಎನ್ನುತ್ತಿದ್ದರು, ಮಗಳು ಶಾಲೆಯ ಕನ್ನಡದಲ್ಲಿ "ಕುಳಿತುಕೋ" ಎನ್ನುತ್ತಿದ್ದಳು. ಮನುಷ್ಯರಿಗೆ ಇವೆಲ್ಲ ಒಂದೇ, ನಾಯಿಗೆ ಇವು ಮೂರು ಬೇರೆ ಬೇರೆ ಸದ್ದುಗಳು. ಎಲ್ಲರೂ ಸೇರಿ ಮಾತಾಡಿ, ಒಂದು ಕೆಲಸಕ್ಕೆ ಒಂದೇ ಪದ ಎಂದು ಗೊತ್ತುಮಾಡಿ, ಅವನ್ನು ಹಾಳೆಯ ಮೇಲೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆವು: ಕುಂಡ್ರು, ಮಲಗು, ತಡಿ, ಬಾ, ಬಿಡು, ಸಂಗಾಟ. ಪಕ್ಕದಲ್ಲಿ ನಡೆಯುವುದಕ್ಕೆ "ಬಾಜೂಕ" ಎನ್ನೋಣವೆಂದು ಮಗಳು ಹೇಳಿದ್ದಳು, ಆದರೆ ಅದು "ಬಾ" ಎಂಬ ಸದ್ದಿನಿಂದಲೇ ಶುರುವಾಗುವುದರಿಂದ ಅದನ್ನು ಬಿಟ್ಟು "ಸಂಗಾಟ" ಎಂಬುದನ್ನು ಇಟ್ಟುಕೊಂಡೆವು. ಪದ ಯಾವ ಭಾಷೆಯದೆಂಬುದು ನಾಯಿಗೆ ಮುಖ್ಯವಲ್ಲ, ಎಲ್ಲರ ಬಾಯಲ್ಲೂ ಅದೇ ಪದ ಅದೇ ಧಾಟಿಯಲ್ಲಿ ಬರುವುದು ಮುಖ್ಯ. ಎಪ್ಪತ್ತು ದಾಟಿದ ಅತ್ತೆಯವರು ಈ ನಿಯಮವನ್ನು ನಮ್ಮೆಲ್ಲರಿಗಿಂತ ಶಿಸ್ತಾಗಿ ಪಾಲಿಸಿದರು, ಮೊಮ್ಮಗಳು ಬೇರೆ ಪದ ಬಳಸಿದರೆ ಬಾಗಿಲಿನ ಹಾಳೆಯ ಕಡೆ ಬೆರಳು ತೋರಿಸುತ್ತಿದ್ದರು.

ಕಲಿಸುವ ಮೂಲ ತತ್ತ್ವ ಸರಳವಾಗಿದೆ. ಯಾವ ಕೆಲಸ ಮಾಡಿದರೆ ತನಗೆ ಲಾಭವಾಗುತ್ತದೆಯೋ ಅದನ್ನು ನಾಯಿ ಮತ್ತೆ ಮಾಡುತ್ತದೆ, ಲಾಭವಿಲ್ಲದ ಕೆಲಸವನ್ನು ಬಿಟ್ಟುಬಿಡುತ್ತದೆ. ಆದರೆ ಲಾಭ ಕೆಲಸದ ಬೆನ್ನಿಗೇ, ಒಂದೆರಡು ಸೆಕೆಂಡಿನೊಳಗೆ ಕೈಗೂಡಬೇಕು. ನಾಯಿ ಕೂತು, ಎದ್ದು, ನಾಲ್ಕು ಹೆಜ್ಜೆ ಹಾಕಿದ ಮೇಲೆ ತುತ್ತು ಕೊಟ್ಟರೆ ಅದು ಎದ್ದು ನಡೆದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ. ಜೇಬಿನಿಂದ ತುತ್ತು ತೆಗೆಯಲು ತಡವಾಗುವುದರಿಂದ ಸರಿಯಾದ ಗಳಿಗೆಯನ್ನು ಗುರುತಿಸಿ ಹೇಳಲು ಒಂದು ಚಿಕ್ಕ ಪದ ಬೇಕಾಗುತ್ತದೆ. ನಾವು "ಶಬ್ಬಾಸ್" ಎನ್ನುತ್ತೇವೆ. ಮೊದಮೊದಲು ಏನನ್ನೂ ಕೇಳದೆ, ಶಬ್ಬಾಸ್ ಎಂದು ತುತ್ತು, ಶಬ್ಬಾಸ್ ಎಂದು ತುತ್ತು, ಹೀಗೆ ಮಾಡಿ ಆ ಪದಕ್ಕೂ ತಿನಿಸಿಗೂ ನಂಟು ಕಟ್ಟಬೇಕು. ನಂಟು ಕಟ್ಟಿದ ಮೇಲೆ ನಾಯಿ ಹತ್ತು ಮಾರು ದೂರದಲ್ಲಿದ್ದರೂ ಅದು ಮಾಡಿದ ಕೆಲಸ ಸರಿಯೆಂದು ಆ ಕ್ಷಣದಲ್ಲೇ ಅದಕ್ಕೆ ತಿಳಿಸಬಹುದು.

ತುತ್ತು ಎಂದರೆ ಕಡಲೆಕಾಳಿನಷ್ಟು ಗಾತ್ರದ್ದು ಸಾಕು. ಜೋಳದ ಕಟಕ ರೊಟ್ಟಿಯ ಚೂರು ಮನೆಯೊಳಗಿನ ಪಾಠಕ್ಕೆ ನಡೆಯುತ್ತದೆ, ಹೊರಗೆ ಗದ್ದಲವಿರುವ ಕಡೆ ಬೇಯಿಸಿದ ಮೊಟ್ಟೆಯೋ ಉಪ್ಪು ಖಾರವಿಲ್ಲದ ಕೋಳಿ ಮಾಂಸವೋ ಬೇಕಾಗುತ್ತದೆ. ಆ ದಿನ ಪಾಠದಲ್ಲಿ ಕೊಟ್ಟಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಬೇಕು. ನಮ್ಮ ಭಾಗದವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿಜಯಪುರ, ತಿಕೋಟಾ ಕಡೆಯ ನೆಂಟರು ಬಂದರೆಂದರೆ ಮನೆಗೆ ಒಣದ್ರಾಕ್ಷಿಯ ಚೀಲ ಬರುತ್ತದೆ, ಬಾಯಿಗೆ ಸಿಹಿ, ಗಾತ್ರವೂ ತುತ್ತಿಗೆ ಹೇಳಿ ಮಾಡಿಸಿದಂತಿದೆ ಎಂದು ನಾಯಿಗೆ ಹಾಕಲು ಕೈ ಮುಂದಾಗುತ್ತದೆ. ದ್ರಾಕ್ಷಿ ಹಸಿಯದಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ, ಎಷ್ಟು ತಿಂದರೆ ಅಪಾಯ ಎಂದು ಲೆಕ್ಕ ಹಾಕಿ ಹೇಳುವಂತೆಯೂ ಇಲ್ಲ, ಆದ್ದರಿಂದ ಒಂದನ್ನೂ ಕೊಡಬಾರದು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಅದಕ್ಕೆ ವಿಷವೇ. ರೊಟ್ಟಿಯ ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುವುದನ್ನು ಕಂಡಿದ್ದೇನೆ, ಚಟ್ನಿಯಲ್ಲಿ ಬೆಳ್ಳುಳ್ಳಿ ಇರುವುದರಿಂದ ಅದೂ ಬೇಡ.

ಕೂಡ್ರಿಸುವುದನ್ನು ಎಲ್ಲರೂ ಎಲ್ಲಕ್ಕಿಂತ ಸುಲಭದ ಪಾಠ ಎನ್ನುತ್ತಾರೆ, ಮುಧೋಳ ನಾಯಿಗೆ ಅದು ಅಷ್ಟು ಸುಲಭವಲ್ಲ. ಅದರ ಹಿಂಗಾಲು ಉದ್ದ, ತೊಡೆಯ ಸ್ನಾಯು ಬಿಗಿ, ಪೃಷ್ಠದಲ್ಲಿ ಕೊಬ್ಬಿನ ಮೆತ್ತೆಯೇ ಇಲ್ಲ. ನಯವಾದ ಗ್ರಾನೈಟ್ ನೆಲದ ಮೇಲೆ ಕೂಡ್ರಲು ಹೋದರೆ ಹಿಂದಿನ ಪಾದಗಳು ಜಾರಿ ಅಗಲವಾಗುತ್ತವೆ, ಎಲುಬು ನೆಲಕ್ಕೆ ಒತ್ತುತ್ತದೆ, ಅರ್ಧ ಕೂತ ನಾಯಿ ಮತ್ತೆ ಎದ್ದು ನಿಲ್ಲುತ್ತದೆ, ನೋಡಿದವರು ಅದಕ್ಕೆ ಸೊಕ್ಕು ಎನ್ನುತ್ತಾರೆ. ನಾನು ನೆಲದ ಮೇಲೆ ಹಳೆಯ ಕೌದಿಯೊಂದನ್ನು ಎರಡು ಮಡಿಕೆ ಮಾಡಿ ಹಾಸಿದೆ. ತುತ್ತನ್ನು ಮೂಗಿನ ತುದಿಗೆ ಹಿಡಿದು, ಅಲ್ಲಿಂದ ನಿಧಾನವಾಗಿ ಎರಡೂ ಕಿವಿಗಳ ನಡುವಿನ ಕಡೆಗೆ, ಮೇಲಕ್ಕೂ ಹಿಂದಕ್ಕೂ ಒಯ್ದರೆ ತಲೆ ಏರುತ್ತದೆ, ತಲೆ ಏರಿದಂತೆ ಬೆನ್ನು ಇಳಿಯುತ್ತದೆ, ಪೃಷ್ಠ ಕೌದಿಗೆ ತಾಕಿದ ಗಳಿಗೆಯಲ್ಲಿ ಶಬ್ಬಾಸ್ ಎಂದು ತುತ್ತು ಬಾಯಿಗೆ ಬರಬೇಕು. ಕೈಯನ್ನು ತೀರ ಮೇಲಕ್ಕೆತ್ತಿದರೆ ನಾಯಿ ಹಾರುತ್ತದೆ, ತೀರ ಹಿಂದಕ್ಕೆ ಒಯ್ದರೆ ಹಿಮ್ಮೆಟ್ಟುತ್ತದೆ. ಬೆನ್ನ ಮೇಲೆ ಕೈಯಿಟ್ಟು ಒತ್ತಿ ಕೂಡ್ರಿಸುವ ಹಳೆಯ ರೂಢಿ ಇಂಥ ತೆಳ್ಳನೆಯ ನಾಯಿಯ ಸೊಂಟಕ್ಕೆ ಒಳ್ಳೆಯದಲ್ಲ, ಒತ್ತಿದಷ್ಟೂ ನಾಯಿ ಎದುರು ಒತ್ತಡ ಹಾಕುವುದರಿಂದ ಪಾಠಕ್ಕೂ ಅದರಿಂದ ಉಪಯೋಗವಿಲ್ಲ. ಮಾಡುವ ಕ್ರಮ ಗೊತ್ತಾದ ಮೇಲೆಯೇ "ಕುಂಡ್ರು" ಎಂಬ ಪದವನ್ನು ಜೋಡಿಸಬೇಕು, ಅದನ್ನೂ ಒಮ್ಮೆಯೇ ಹೇಳಬೇಕು. ಐದು ಸಲ ಕುಂಡ್ರು ಕುಂಡ್ರು ಎಂದು ಹೇಳುವ ಮನೆಯಲ್ಲಿ ನಾಯಿ ಐದನೆಯ ಸಲಕ್ಕೇ ಕೂಡ್ರುವುದನ್ನು ಕಲಿಯುತ್ತದೆ.

ಮಲಗಿಸುವುದಕ್ಕೂ ಅದೇ ಕೌದಿ, ತುತ್ತನ್ನು ಮಾತ್ರ ಮೂಗಿನಿಂದ ಮುಂಗಾಲುಗಳ ನಡುವೆ ನೆಲಕ್ಕೆ ಇಳಿಸಬೇಕು. ಮುಧೋಳ ನಾಯಿಗೆ ಕೂಡ್ರುವುದಕ್ಕಿಂತ ಮಲಗುವುದು ಹಿತವೆನಿಸುವುದರಿಂದ ಹೆಚ್ಚು ಹೊತ್ತು ಒಂದೆಡೆ ಇರಿಸಬೇಕಾದಾಗ ನಾನು ಯಾವಾಗಲೂ ಮಲಗಿಸುತ್ತೇನೆ.

ತಡಿ ಎಂಬ ಪಾಠವನ್ನು ಗೇಟಿನಲ್ಲಿ ಕಲಿಸುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅಲ್ಲಿ ನಾಯಿಗೆ ಬೇಕಾದ ಬಹುಮಾನ ಗೇಟಿನ ಆಚೆಗೇ ಇರುತ್ತದೆ. ಗೇಟನ್ನು ಬೆರಳಷ್ಟು ತೆರೆದಾಗ ನಾಯಿ ಮುಂದೆ ನುಗ್ಗಿದರೆ ಮಾತಿಲ್ಲದೆ ಮುಚ್ಚಬೇಕು, ನಿಂತರೆ ಇನ್ನಷ್ಟು ತೆರೆಯಬೇಕು. ತಾನು ನಿಂತಾಗಲೇ ಗೇಟು ತೆರೆಯುತ್ತದೆ, ನುಗ್ಗಿದಾಗ ಮುಚ್ಚುತ್ತದೆ ಎಂಬ ಲೆಕ್ಕ ಅದಕ್ಕೆ ಬೇಗ ತಿಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ನಡುವೆ ನಾಯಿಯನ್ನು ನಡೆಸುವವರಿಗೆ ಈ ಒಂದು ಪಾಠದ ಬೆಲೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಾ ಎಂಬ ಪಾಠ. ಉಳಿದ ಎಲ್ಲ ಪಾಠಗಳನ್ನು ಬಿಟ್ಟು ಒಂದನ್ನೇ ಕಲಿಸಲು ಸಮಯವಿದೆ ಎಂದವರಿಗೆ ನಾನು ಇದನ್ನೇ ಕಲಿಸಿ ಎನ್ನುತ್ತೇನೆ, ಕಲಿಸುವುದರಲ್ಲಿ ಕಷ್ಟವಾದದ್ದೂ ಇದೇ. ಮೊದಲು ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆಯಬೇಕು, ಆಮೇಲೆ ಅಂಗಳದಲ್ಲಿ, ಆಮೇಲೆ ಹೊರಗಿನ ಬಯಲಿನಲ್ಲಿ ಉದ್ದನೆಯ ಹಗ್ಗ ಕಟ್ಟಿ ಕರೆಯಬೇಕು. ನವನಗರದಲ್ಲಿ ಕಟ್ಟದೆ ಬಿಟ್ಟ ಖಾಲಿ ಸೈಟುಗಳು ಸಾಕಷ್ಟಿವೆ, ಆಲಮಟ್ಟಿ ಹಿನ್ನೀರಿನ ಸಲುವಾಗಿ ಊರನ್ನೇ ಇಲ್ಲಿ ಹೊಸದಾಗಿ ಕಟ್ಟಿದ್ದರಿಂದ ರಸ್ತೆಗಳೂ ಅಗಲವಾಗಿವೆ. ನಾನು ಹತ್ತು ಮೀಟರಿನ ನೂಲಿನ ಹಗ್ಗವನ್ನು ಬಳಸುತ್ತೇನೆ, ನೈಲಾನ್ ಹಗ್ಗ ಎಳೆದಾಗ ಅಂಗೈ ಸುಡುತ್ತದೆ. ಉದ್ದ ಹಗ್ಗವನ್ನು ಎಂದೂ ಕೊರಳಪಟ್ಟಿಗೆ ಕಟ್ಟಬಾರದು, ಎದೆಯನ್ನು ಸುತ್ತುವ ಹಾರ್ನೆಸ್‌ಗೆ ಕಟ್ಟಬೇಕು. ಮುಧೋಳ ನಾಯಿ ನಿಂತಲ್ಲಿಂದ ಕೆಲವೇ ನೆಗೆತದಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ, ಆ ವೇಗದಲ್ಲಿ ಹಗ್ಗದ ತುದಿ ಮುಟ್ಟಿ ಗಕ್ಕನೆ ನಿಂತರೆ ಅದರ ಉದ್ದನೆಯ ಕೊರಳಿಗೆ ಪೆಟ್ಟಾಗುತ್ತದೆ.

ಕರೆಯುವ ಪದದ ಮರ್ಯಾದೆಯನ್ನು ಕಾಯುವುದು ಇಲ್ಲಿಯ ಗುಟ್ಟು. ಬಾ ಎಂದು ಕರೆದು ಬೈಯಬಾರದು, ಬಾ ಎಂದು ಕರೆದು ಸ್ನಾನಕ್ಕೆ ಹಾಕಬಾರದು, ಬಾ ಎಂದು ಕರೆದು ಸರಪಳಿಗೆ ಕಟ್ಟಿ ಹೊರಟುಹೋಗಬಾರದು. ಅಂಥ ಕೆಲಸಗಳಿಗೆ ನಾವೇ ನಾಯಿಯ ಬಳಿ ನಡೆದು ಹೋಗಬೇಕು. ಹೊಲದಲ್ಲಿ ಕೋಳಿಯ ಹಿಂದೆ ಓಡಿದ ನಾಯಿಯನ್ನು ಕರೆದು, ಅದು ಬಂದ ಮೇಲೆ ಕಟ್ಟಿಗೆಯಿಂದ ಬಾರಿಸುವುದನ್ನು ನಮ್ಮ ಕಡೆ ಅನೇಕರು ಮಾಡುತ್ತಾರೆ. ಕೋಳಿಯ ಹಿಂದೆ ಓಡಿದ್ದಕ್ಕೆ ಹೊಡೆದೆ ಎಂದು ಒಡೆಯ ತಿಳಿದಿರುತ್ತಾನೆ, ಕರೆದಾಗ ಬಂದದ್ದಕ್ಕೆ ಹೊಡೆತ ಬಿತ್ತು ಎಂದು ನಾಯಿ ತಿಳಿದಿರುತ್ತದೆ, ಮರುದಿನದಿಂದ ಅದು ಕರೆದಾಗ ದೂರವೇ ಉಳಿಯುತ್ತದೆ. ಮುಧೋಳ ನಾಯಿ ಸ್ವಭಾವದಿಂದ ಅಂಜುಕುಳಿ ಕೂಡ, ಪರಿಚಯವಿಲ್ಲದವರ ಕೈ ಮೈಮೇಲೆ ಬಿದ್ದರೆ ಸಹಿಸುವುದಿಲ್ಲ. ಹೊಡೆಸಿಕೊಂಡ ಲ್ಯಾಬ್ರಡಾರ್ ಸಂಜೆಯ ಹೊತ್ತಿಗೆ ಮರೆತು ಬಾಲ ಅಲ್ಲಾಡಿಸುತ್ತ ಬಂದೀತು, ಇದು ಹಾಗೆ ಬರುವುದಿಲ್ಲ, ಮನಸ್ಸನ್ನು ಒಳಗೆ ಎಳೆದುಕೊಂಡು ಮೂಲೆ ಹಿಡಿಯುತ್ತದೆ.

ಕರೆದಾಗಲೆಲ್ಲ ಆಟ ಮುಗಿಯುತ್ತದೆ ಎಂದು ನಾಯಿಗೆ ಅನ್ನಿಸಿದರೂ ಕೆಲಸ ಕೆಟ್ಟಿತು. ಆದ್ದರಿಂದ ಬಯಲಿನಲ್ಲಿ ಕರೆದು, ಮೊಟ್ಟೆಯ ಚೂರು ಕೊಟ್ಟು, ಹಾರ್ನೆಸ್ಸನ್ನು ಒಮ್ಮೆ ಕೈಯಿಂದ ಹಿಡಿದು, ಮತ್ತೆ "ಹೋಗು" ಎಂದು ಬಿಡುವುದನ್ನು ಒಂದು ಸುತ್ತಾಟದಲ್ಲಿ ಹಲವು ಸಲ ಮಾಡುತ್ತೇನೆ. ಕೈಯಿಂದ ಹಿಡಿಯುವುದನ್ನು ಬಿಡಬಾರದು, ಇಲ್ಲದಿದ್ದರೆ ನಾಯಿ ಹತ್ತಿರ ಬಂದು, ತುತ್ತನ್ನು ಕಿತ್ತುಕೊಂಡು, ಒಂದು ಮಾರು ಆಚೆ ನಿಂತು ಕುಣಿಸುವುದನ್ನು ಕಲಿಯುತ್ತದೆ.

ನೋಡಿ ಬೆನ್ನಟ್ಟುವ ನಾಯಿಯ ವಿಷಯದಲ್ಲಿ ಮತ್ತೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಓಟ ಕಿತ್ತ ಮೇಲೆ ಅದಕ್ಕೆ ಯಾರ ಕೂಗೂ ಕೇಳಿಸುವುದಿಲ್ಲ, ಎಷ್ಟೇ ಕಲಿಸಿದರೂ ಅಷ್ಟೇ. ಕರೆಯಬೇಕಾದದ್ದು ಓಟಕ್ಕೆ ಮುಂಚಿನ ಆ ಒಂದೆರಡು ಕ್ಷಣಗಳಲ್ಲಿ, ಅದಕ್ಕಾಗಿ ಒಡೆಯ ನಾಯಿಯ ಮೈಯನ್ನು ಓದಲು ಕಲಿಯಬೇಕು. ಹುಲಿಯಾ ಜಾಲಿಯ ಪೊದೆಯ ಬಳಿ ಏನಾದರೂ ಕಂಡರೆ ಮೊದಲು ಅವನ ಉಸಿರಾಟದ ಸದ್ದು ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ. ಹಿಂದಕ್ಕೆ ಮಡಚಿದ್ದ ಕಿವಿಗಳು ಬುಡದಿಂದ ಮೇಲೇಳುತ್ತವೆ, ಕೊರಳು ನೀಳವಾಗುತ್ತದೆ, ಒಂದು ಮುಂಗಾಲು ನೆಲ ಬಿಟ್ಟು ಮಣಿಕಟ್ಟಿನ ಬಳಿ ಮಡಚಿಕೊಳ್ಳುತ್ತದೆ, ಬಾಲ ಅಲುಗುವುದಿಲ್ಲ. ಬಾಯಿ ಮುಚ್ಚಿದ ಕೂಡಲೇ ಕರೆದರೆ ಬರುತ್ತಾನೆ, ಮುಂಗಾಲು ಎತ್ತಿದ ಮೇಲೆ ಕರೆದರೆ ಬರಬಹುದು, ಬರದಿರಬಹುದು. ಇದಕ್ಕಾಗಿಯೇ, ನಾಲ್ಕೂ ಕಡೆ ಎತ್ತರದ ಗೋಡೆ ಅಥವಾ ಬೇಲಿಯಿಲ್ಲದ ಜಾಗದಲ್ಲಿ ನಾನು ಅವನ ಹಗ್ಗವನ್ನು ಬಿಚ್ಚುವುದಿಲ್ಲ, ಎಷ್ಟೇ ಮಾತು ಕೇಳುವ ನಾಯಿಯಾದರೂ ಬೇರೆಯವರೂ ಬಿಚ್ಚಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಮನದಣಿಯೆ ಓಡುವ ಹಕ್ಕು ಇದೆ, ಬೇಲಿ ಇರುವ ಹೊಲವೋ ತೋಟವೋ ಇರುವವರ ಬಳಿ ಅನುಮತಿ ಕೇಳಿ ವಾರಕ್ಕೊಮ್ಮೆಯಾದರೂ ಓಡಿಸಬೇಕು. ಕಾಲು ದಣಿಯದ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ.

ಕೊರಳಪಟ್ಟಿಯ ಆಯ್ಕೆಯಲ್ಲಿ ಈ ತಳಿಗೆ ವಿಶೇಷ ಗಮನ ಬೇಕು. ಮುಧೋಳ ನಾಯಿಯ ತಲೆ ಉದ್ದವಾಗಿ, ಕಿರಿದಾಗಿ ಇರುವುದರಿಂದ ಸಾಧಾರಣ ಪಟ್ಟಿ ಕಿವಿಗಳ ಮೇಲಿಂದ ಸಲೀಸಾಗಿ ಜಾರಿ ಹೊರಗೆ ಬರುತ್ತದೆ. ಅದು ಜಾರದಿರಲೆಂದು ಬಿಗಿಯಾಗಿ ಕಟ್ಟಿದರೆ ಉಸಿರು ಕಟ್ಟುತ್ತದೆ, ತೆಳ್ಳನೆಯ ಚರ್ಮ ಉಜ್ಜಿ ಗಾಯವಾಗುತ್ತದೆ. ಎಳೆದಾಗ ಸ್ವಲ್ಪವೇ ಬಿಗಿಯಾಗಿ, ಒಂದು ಮಿತಿಯಲ್ಲಿ ನಿಲ್ಲುವ ಮಾರ್ಟಿಂಗೇಲ್ ಎಂಬ ಅಗಲವಾದ ಪಟ್ಟಿ ಸಿಗುತ್ತದೆ, ಈ ಬಳಗದ ನಾಯಿಗಳಿಗೆ ಅದೇ ಸರಿ. ಮಿತಿಯಿಲ್ಲದೆ ಬಿಗಿಯುವ ಚೋಕ್ ಚೈನ್ ಬೇಡವೇ ಬೇಡ. ಪಟ್ಟಿ ಯಾವುದಾದರೂ ಎಳೆಯುವ ಚಟ ಪಟ್ಟಿಯಿಂದ ಹೋಗುವುದಿಲ್ಲ, ಹಗ್ಗ ಬಿಗಿಯಾದ ಕೂಡಲೇ ನಾವು ನಿಂತುಬಿಡಬೇಕು, ಸಡಿಲಾದ ಕೂಡಲೇ ನಡೆಯಬೇಕು. ನಮ್ಮ ಎಡಗಾಲಿನ ಪಕ್ಕದಲ್ಲಿ ಅದರ ಭುಜ ಬಂದಾಗ ಸಂಗಾಟ ಎಂದು ಹೇಳಿ ತೊಡೆಯ ಪಕ್ಕದಲ್ಲೇ ತುತ್ತು ಕೊಡಬೇಕು, ಕೈ ಚಾಚಿ ಮುಂದೆ ಕೊಟ್ಟರೆ ನಾಯಿ ಮುಂದಕ್ಕೇ ಹೋಗುತ್ತದೆ. ಮೊದಮೊದಲು ಮನೆಯಿಂದ ತಿರುವಿನವರೆಗೆ ಹೋಗುವುದಕ್ಕೇ ಬೇಸರವಾಗುವಷ್ಟು ಹೊತ್ತು ಹಿಡಿಯುತ್ತದೆ. ಬೀದಿನಾಯಿಗಳ ಗುಂಪು ಎದುರಾದರೆ ಅದು ಪಾಠದ ಸಮಯವಲ್ಲ, ನಾಯಿಯನ್ನು ಪಕ್ಕಕ್ಕಿಟ್ಟುಕೊಂಡು ದಾರಿ ಬದಲಿಸಿ ಹೋಗಬೇಕು.

ಮೈಮೇಲೆ ಎಗರುವ ಚಟವನ್ನು ಮರಿಯಿದ್ದಾಗಲೇ ಬಿಡಿಸಬೇಕು, ಆದರೆ ಮರಿ ಎಗರಿದಾಗ ಮುದ್ದು ಮಾಡುವವರೇ ಹೆಚ್ಚು. ನಾಯಿ ಎಗರಿದಾಗ ಕೈಯಿಂದ ದೂಡುವುದು, ಕೂಗುವುದು, ಮೊಣಕಾಲು ಎತ್ತುವುದು ಇವೆಲ್ಲ ಅದಕ್ಕೆ ಆಟವಾಗಿಯೇ ಕಾಣುತ್ತವೆ. ಮಾತಾಡದೆ, ಕಣ್ಣು ಕೂಡಿಸದೆ ಬೆನ್ನು ತಿರುಗಿಸಬೇಕು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ತಲೆ ಸವರಬೇಕು. ಮನೆಗೆ ಬರುವವರಿಗೂ ಇದನ್ನು ಹೇಳಿಕೊಡಬೇಕಾಗುತ್ತದೆ, "ಇರ್ಲಿ ಬಿಡ್ರಿ ಅಕ್ಕಾರ, ನಮಗೇನೂ ಆಗೂದಿಲ್ಲ" ಎನ್ನುವ ಪ್ರೀತಿಯ ಅತಿಥಿಗಳಿಗೆ ಎರಡು ಸಲ ಹೇಳಬೇಕಾಗುತ್ತದೆ. ಅವರಿಗೆ ಏನೂ ಆಗದಿರಬಹುದು, ಅವರಿಂದ ಸಲಿಗೆ ಕಲಿತ ನಾಯಿ ಮರುದಿನ ಹಾಲಿನ ಹುಡುಗನ ಮೇಲೆ ಎಗರಿದರೆ ತಪ್ಪು ನಾಯಿಯದಾಗುವುದಿಲ್ಲ.

ಬಾಯಲ್ಲಿದ್ದದ್ದನ್ನು ಬಿಡಿಸುವುದು ವ್ಯಾಪಾರದ ಪಾಠ. ಅದರ ಬಾಯಲ್ಲಿರುವುದಕ್ಕಿಂತ ಒಳ್ಳೆಯದನ್ನು ಮೂಗಿಗೆ ಹಿಡಿದು, ಅದು ಬಾಯಿ ಬಿಟ್ಟಾಗ ಬಿಡು ಎಂದು ಹೇಳಿ, ಹೊಸದನ್ನು ಕೊಟ್ಟು, ಸಾಧ್ಯವಾದಾಗ ಹಳೆಯದನ್ನೂ ಮರಳಿ ಕೊಡಬೇಕು. ಬಿಟ್ಟರೆ ನಷ್ಟವಿಲ್ಲ ಎಂಬ ನಂಬಿಕೆ ಬಂದ ನಾಯಿ ತಟ್ಟೆಯ ಬಳಿ ಗುರುಗುಟ್ಟುವುದಿಲ್ಲ.

ಈ ಪಾಠಗಳ ಅವಧಿ ಚಿಕ್ಕದಿರಬೇಕು. ಮೂರರಿಂದ ಐದು ನಿಮಿಷ ಒಂದು ಪಾಠ, ದಿನಕ್ಕೆ ಎರಡು ಮೂರು ಸಲ, ಅದಕ್ಕಿಂತ ಹೆಚ್ಚಾದರೆ ಮುಧೋಳ ನಾಯಿ ಮುಖ ತಿರುಗಿಸಿ ನಡೆದುಬಿಡುತ್ತದೆ. ಅದು ಮುಖ ತಿರುಗಿಸುವ ಮುಂಚೆಯೇ, ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸುವುದು ಒಳ್ಳೆಯದು. ಊಟವಾದ ಕೂಡಲೇ ಓಡಿಸುವ ಪಾಠ ಬೇಡ, ಎದೆಗೂಡು ಆಳವಾಗಿರುವ ನಾಯಿಗಳಿಗೆ ಜಠರ ಉಬ್ಬರಿಸಿ ತಿರುಚಿಕೊಳ್ಳುವ ಅಪಾಯವಿದೆ, ಅದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುವಂಥದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ಆ ದಿನಗಳಲ್ಲಿ ಸೂರ್ಯ ಮೇಲೇರುವ ಮುಂಚೆ ಹೊರಗಿನ ಪಾಠ ಮುಗಿಸುತ್ತೇನೆ. ಸಂಜೆ ಗಾಳಿ ತಂಪಾದರೂ ಡಾಂಬರು ತಂಪಾಗಿರುವುದಿಲ್ಲ, ಮುಂಗೈಯನ್ನು ರಸ್ತೆಗೆ ಒತ್ತಿ ಹಿಡಿದು, ಸುಡದೆ ಇದ್ದರೆ ಮಾತ್ರ ನಾಯಿಯನ್ನು ಕರೆದೊಯ್ಯುತ್ತೇನೆ.

ಮರಿ ಎಂಟು ವಾರದ್ದಿದ್ದಾಗಲೇ ಪಾಠ ಶುರು ಮಾಡಬಹುದು. ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಹರೆಯ ಬಂದಾಗ, ಕಲಿತದ್ದನ್ನೆಲ್ಲ ಮರೆತಂತೆ ಕಾಣುವ ಕಾಲವೊಂದು ಬರುತ್ತದೆ. ಚೆನ್ನಾಗಿ ಬರುತ್ತಿದ್ದ ನಾಯಿ ಕರೆದರೆ ನಿಂತು ನೋಡುತ್ತದೆ, ಕೂಡ್ರುತ್ತಿದ್ದದ್ದು ಕೂಡ್ರುವುದಿಲ್ಲ. ಬಹಳ ಜನ ಕೈಚೆಲ್ಲುವುದು ಇದೇ ಹೊತ್ತಿನಲ್ಲಿ, ನಾಯಿಯನ್ನು ಹೊಲದ ಮನೆಗೆ ಸಾಗಿಸಿ ಸರಪಳಿಗೆ ಕಟ್ಟುವುದೂ ಇದೇ ಹೊತ್ತಿನಲ್ಲಿ. ಆಗ ಸಿಟ್ಟಿಗೇಳದೆ ಪಾಠವನ್ನು ಮತ್ತೆ ಮನೆಯೊಳಗೆ ತಂದು, ತುತ್ತಿನ ರುಚಿ ಹೆಚ್ಚಿಸಿ, ಹಗ್ಗವನ್ನು ಮತ್ತೆ ಕಟ್ಟಿ, ಮೊದಲಿನಿಂದ ನಡೆಸಿಕೊಂಡು ಬಂದರೆ ನಾಯಿ ದಾರಿಗೆ ಬರುತ್ತದೆ.

ಪಾಠದ ಪಟ್ಟಿಯಲ್ಲಿ ಯಾರೂ ಬರೆಯದ, ಆದರೆ ಮುಧೋಳ ನಾಯಿಗೆ ತಪ್ಪದೆ ಕಲಿಸಬೇಕಾದ ಇನ್ನೊಂದು ಸಂಗತಿ ಮುಟ್ಟಿಸಿಕೊಳ್ಳುವುದು. ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷವರ್ಷ ಮತ್ತೆ ಹಾಕಿಸಬೇಕು. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಎತ್ತು, ಎಮ್ಮೆಗಳ ನಡುವೆ ನಿಂತು, ಅಪರಿಚಿತ ವೈದ್ಯರ ಕೈ ಮೈಮೇಲೆ ಬಿದ್ದಾಗ ಈ ತಳಿಯ ನಾಯಿ ಹೆದರಿ ಕಚ್ಚಲು ಹೋಗುವುದು ಸಹಜ. ಆದ್ದರಿಂದ ಮನೆಯಲ್ಲಿ ದಿನವೂ ಕಿವಿ ಎತ್ತಿ ನೋಡಿ ಒಂದು ತುತ್ತು, ತುಟಿ ಸರಿಸಿ ಹಲ್ಲು ನೋಡಿ ಒಂದು ತುತ್ತು, ಪಾದ ಹಿಡಿದು ಬೆರಳು ಬಿಡಿಸಿ ಒಂದು ತುತ್ತು, ಹೆಗಲ ಚರ್ಮವನ್ನು ಸೂಜಿ ಚುಚ್ಚುವವರ ಹಾಗೆ ಎತ್ತಿ ಹಿಡಿದು ಒಂದು ತುತ್ತು ಕೊಡಬೇಕು. ಬಾಯಿಗೆ ಹಾಕುವ ಬುಟ್ಟಿಯಂಥ ಮುಸುಕನ್ನೂ ಹೀಗೇ, ಅದರೊಳಗೆ ತುತ್ತಿಟ್ಟು, ನಾಯಿ ತಾನಾಗಿ ಮುಖ ತೂರಿಸುವ ಹಾಗೆ ರೂಢಿ ಮಾಡಿಸಬೇಕು. ಮನೆಯವರ ಕೈಗೆ ಒಗ್ಗಿದ ಮೇಲೆ ಪರಿಚಯದ ಒಬ್ಬಿಬ್ಬರ ಕೈಯಿಂದಲೂ ಇದನ್ನೇ ಮಾಡಿಸಬೇಕು. ಚುಚ್ಚುಮದ್ದಿನ ದಿನವಲ್ಲದೆ ಬೇರೆ ದಿನವೂ ಆಸ್ಪತ್ರೆಯ ಅಂಗಳಕ್ಕೆ ಕರೆದೊಯ್ದು, ಬೇವಿನ ಮರದ ಕೆಳಗೆ ಕೌದಿ ಹಾಸಿ ಮಲಗಿಸಿ, ನಾಲ್ಕು ತುತ್ತು ತಿನ್ನಿಸಿ ವಾಪಸ್ಸು ಕರೆತಂದರೆ, ವೈದ್ಯರಿಗೂ ನಾಯಿಗೂ ಲಸಿಕೆಯ ದಿನ ಕಷ್ಟವಾಗುವುದಿಲ್ಲ.